ಆರು ದಿನದ ಲೆಕ್ಕ, ಹದಿನೈದು ದಿನದ ರಜೆ

ದಾದರ್‌ನಿಂದ ಡೊಂಬಿವಲಿ ಕಡೆಗೆ ಹೋಗುವ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದು ಅಪರೂಪ. ಸಿಕ್ಕ ದಿನ ಹೊರಗೆ ನೋಡಿ. ಹಳಿ ಪಕ್ಕದ ಗೋಡೆಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ: ಗುಪ್ತ ರೋಗ, ಮರ್ದಾನಾ ಕಮ್ಜೋರಿ, ಸಂತಾನ ಸುಖ, ಕೆಳಗೊಂದು ಫೋನ್ ನಂಬರು. ಬೋಗಿಯ ಒಳಗೂ ಅದೇ ಚೀಟಿ. ಮಕ್ಕಳಾಗುವ ವಿಷಯದಲ್ಲಿ ಮುಂಬೈಯ ಗಂಡಸರು ಅತಿ ಹೆಚ್ಚು ಸಲ ಓದುವ ಪಾಠ ಇದೇ ಇರಬೇಕು.

ಶಾಲೆಯ ಪಾಠ ಓದಿರುವುದಿಲ್ಲ, ಏಕೆಂದರೆ ನನ್ನಂಥ ಮೇಷ್ಟರುಗಳು ಅದನ್ನು ಹಾರಿಸಿರುತ್ತೇವೆ. ಒಂದು ಕಾಲದಲ್ಲಿ ನಾನು ಇಲ್ಲಿನ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಹುಡುಗರೆಲ್ಲ ಹೋಟೆಲ್ ಕೆಲಸದವರು. ಹಗಲು ತಟ್ಟೆ ಎತ್ತಿ, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತಾ ಕೂರುವವರು. ಸಂತಾನೋತ್ಪತ್ತಿಯ ಪಾಠ ಬಂದಾಗ ಹೂವಿನ ಪರಾಗಸ್ಪರ್ಶದವರೆಗೆ ಚೆನ್ನಾಗಿ ಮಾಡಿದೆ. ಮನುಷ್ಯರ ಚಿತ್ರ ಬರುತ್ತಿದ್ದ ಹಾಗೆ, "ಇದು ಸುಲಭ ಇದೆ, ನೀವೇ ಓದಿಕೊಳ್ಳಿ" ಎಂದು ಪುಟ ತಿರುಗಿಸಿದೆ. ಅವತ್ತು ಮಾತ್ರ ಇಡೀ ತರಗತಿಯಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ಆ ಹುಡುಗರಿಗೆ ಈಗ ಮದುವೆಯಾಗಿದೆ. ಕೆಲವರ ಮನೆಯಲ್ಲಿ "ಏನಾದರೂ ವಿಶೇಷ ಉಂಟಾ?" ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಅಂದು ಬಿಟ್ಟ ಪಾಠವನ್ನು ಇಲ್ಲಿ ಮಾಡುತ್ತಿದ್ದೇನೆ ಅಂದುಕೊಳ್ಳಿ.

ಒಂದು ಲೆಕ್ಕದಿಂದ ಶುರು ಮಾಡೋಣ. ಗಂಡ ಮಾಟುಂಗಾದ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾನೆ. ಹೆಂಡತಿ ಕುಂದಾಪುರದ ಹತ್ತಿರ ಅತ್ತೆಮಾವನ ಜೊತೆ ಇದ್ದಾಳೆ. ಮುಂಬೈಯಲ್ಲಿ ಖೋಲಿ ಮಾಡುವಷ್ಟು ಸಂಬಳ ಇಲ್ಲ. ವರ್ಷಕ್ಕೆ ಎರಡು ಸಲ, ಹದಿನೈದು ಹದಿನೈದು ದಿನ ರಜೆ. ಮದುವೆಯಾಗಿ ಮೂರು ವರ್ಷ, ಮಗು ಇಲ್ಲ. ಊರಿನ ಲೆಕ್ಕದಲ್ಲಿ ಇದು ಮೂರು ವರ್ಷ. ದೇಹದ ಲೆಕ್ಕದಲ್ಲಿ ಎಷ್ಟು?

ಹೆಣ್ಣಿನ ಅಂಡಾಶಯದಿಂದ ಸಾಮಾನ್ಯವಾಗಿ ಒಂದು ಮುಟ್ಟಿನಿಂದ ಇನ್ನೊಂದು ಮುಟ್ಟಿನ ನಡುವೆ ಒಂದು ಅಂಡಾಣು ಹೊರಬರುತ್ತದೆ. ಹೊರಬಂದ ಮೇಲೆ ಅದು ಬದುಕಿರುವುದು 12ರಿಂದ 24 ಗಂಟೆ, ಅಷ್ಟೇ. ಆದರೆ ಗಂಡಿನ ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಕಾಯಬಲ್ಲದು. ಹಾಗಾಗಿ ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರು ದಿನ ಮಾತ್ರ ಗರ್ಭ ನಿಲ್ಲುವ ಅವಕಾಶ ಇರುತ್ತದೆ. ಉಳಿದ ಮೂರು ವಾರ ಬಾಗಿಲು ಮುಚ್ಚಿದ ಹಾಗೆ.

ಆ ಆರು ದಿನ ಯಾವಾಗ? "ಮುಟ್ಟಾದ ಹದಿನಾಲ್ಕನೇ ದಿನ" ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಸರಿ. ಲೆಕ್ಕವನ್ನು ಮುಂದಿನಿಂದ ಅಲ್ಲ, ಹಿಂದಿನಿಂದ ಹಾಕಬೇಕು. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಎರಡೂ ಲೆಕ್ಕ ಒಂದೇ. 35 ದಿನಕ್ಕೊಮ್ಮೆ ಆಗುವವರಿಗೆ ಅದು 21ನೇ ದಿನದ ಆಸುಪಾಸು. 24 ದಿನಕ್ಕೇ ಆಗುವವರಿಗೆ 10ನೇ ದಿನದ ಸುತ್ತ. ಒಂದೊಂದು ತಿಂಗಳು ಒಂದೊಂದು ಥರ ಆಗುವವರಿಗೆ ಯಾವ ಲೆಕ್ಕವೂ ಪೂರ್ತಿ ಹೊಂದುವುದಿಲ್ಲ, ಮೊಬೈಲ್ ಆ್ಯಪ್‌ನ ಲೆಕ್ಕವೂ ಅಷ್ಟೇ. ಅದು ಹಿಂದಿನ ತಿಂಗಳುಗಳ ಸರಾಸರಿ ನೋಡಿ ಊಹೆ ಮಾಡುತ್ತದೆ, ಒಳಗೆ ಇಣುಕಿ ನೋಡುವುದಿಲ್ಲ. ದೇಹವೇ ಕೊಡುವ ಸೂಚನೆ ಒಂದಿದೆ. ಆ ದಿನಗಳಲ್ಲಿ ಸ್ರಾವ ತೆಳ್ಳಗೆ, ಜಾರುವಂತೆ, ಹಸಿ ಕೋಳಿಮೊಟ್ಟೆಯ ಬಿಳಿಯ ಹಾಗೆ ಇರುತ್ತದೆ. ಅದನ್ನು "ಬಿಳಿ ಮುಟ್ಟು" ಎಂದು ಹೆದರಿ ಔಷಧಿ ತಿನ್ನುವವರಿದ್ದಾರೆ. ಅದು ರೋಗ ಅಲ್ಲ. ತುರಿಕೆ, ಕೆಟ್ಟ ವಾಸನೆ, ಬೇರೆ ಬಣ್ಣ ಇದ್ದರೆ ಆಗ ಡಾಕ್ಟರಿಗೆ ತೋರಿಸಬೇಕು.

ಈಗ ನಮ್ಮ ದೋಸೆ ಹುಡುಗನ ರಜೆಗೆ ಬನ್ನಿ. ಹೆಂಡತಿಗೆ ಮೇ 1ಕ್ಕೆ ಮುಟ್ಟು, 28 ದಿನದ ಸುತ್ತು ಅಂದುಕೊಳ್ಳಿ. ಆರು ದಿನದ ಬಾಗಿಲು ತೆರೆಯುವುದು ಸುಮಾರು 10ನೇ ತಾರೀಕಿಗೆ, ಮುಚ್ಚುವುದು 15ಕ್ಕೆ. ಧಣಿ ರಜೆ ಕೊಟ್ಟಿದ್ದು 17ರಿಂದ 31ರವರೆಗೆ. ಹದಿನೈದು ದಿನ ಜೊತೆಗಿದ್ದೂ ಒಂದು ಅವಕಾಶವೂ ಇಲ್ಲ. ರಜೆಯ ಕೊನೆಗೆ ಅವಳು ಮತ್ತೆ ಮುಟ್ಟು. ಮನೆಯಲ್ಲಿ ಎಲ್ಲರ ಮುಖ ಸಣ್ಣ.

ಮೂರು ವರ್ಷದಲ್ಲಿ ಆರು ರಜೆ. ಆರೂ ಸರಿಯಾಗಿ ಕೂತವು ಎಂದೇ ಹಿಡಿಯೋಣ. ಆರೋಗ್ಯವಾಗಿರುವ, ಮೂವತ್ತರ ಒಳಗಿನ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 20ರಿಂದ 25. ಸಿನಿಮಾದಲ್ಲಿ ಒಂದು ರಾತ್ರಿಗೇ ಆಗಿಬಿಡುತ್ತದೆ, ಅದು ಬೇರೆ ಮಾತು. ನೂರಕ್ಕೆ 20 ಎಂದು ಗುಣಿಸಿ ನೋಡಿ. ಆರೂ ಸಲ ದಿನ ಹೊಂದಿದರೂ ಸುಮಾರು ಕಾಲು ಭಾಗ ಜೋಡಿಗಳಿಗೆ ಏನೂ ಆಗಿರುವುದಿಲ್ಲ. ಮೂರು ಸಲ ಮಾತ್ರ ಹೊಂದಿದ್ದರೆ ಅರ್ಧಕ್ಕರ್ಧ ಜೋಡಿಗಳು ಖಾಲಿ ಕೈ. ಇಬ್ಬರಲ್ಲೂ ಒಂದಿಷ್ಟೂ ಕೊರತೆ ಇಲ್ಲದೆ!

ಡಾಕ್ಟರುಗಳು "ಒಂದು ವರ್ಷ ಪ್ರಯತ್ನಿಸಿ, ಆಗದಿದ್ದರೆ ಬನ್ನಿ" ಎನ್ನುತ್ತಾರಲ್ಲ, ಆ ವರ್ಷ ಎಂದರೆ ಜೊತೆಗಿದ್ದು, ಯಾವ ತಡೆಯೂ ಬಳಸದೆ, ಎರಡು ಮೂರು ದಿನಕ್ಕೊಮ್ಮೆ ಸೇರುವ ಹನ್ನೆರಡು ತಿಂಗಳು. ಹಾಗೆ ಇದ್ದರೆ ನೂರರಲ್ಲಿ ಎಂಬತ್ತಕ್ಕೂ ಜಾಸ್ತಿ ಜೋಡಿಗಳಿಗೆ ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಹೆಂಡತಿಗೆ 35 ದಾಟಿದ್ದರೆ ವರ್ಷ ಕಾಯಬಾರದು, ಆರು ತಿಂಗಳಿಗೇ ಹೋಗಬೇಕು. ಮುಟ್ಟು ತಿಂಗಳುಗಟ್ಟಲೆ ಬರದೇ ಇರುವವರೂ ಕಾಯಬೇಕಿಲ್ಲ. ನಮ್ಮ ಹುಡುಗನ ಮೂರು ವರ್ಷ ಈ ಲೆಕ್ಕದಲ್ಲಿ ಆರು ತಿಂಗಳೂ ಆಗಿಲ್ಲ. ಅಷ್ಟರಲ್ಲಿ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಆಗಿದೆ, ಜಾತಕ ಎರಡು ಕಡೆ ತೋರಿಸಿಯಾಗಿದೆ, ಸೊಸೆಗೆ ಒಂದು ಹೆಸರೂ ಇಟ್ಟಾಗಿದೆ. ಹರಕೆ ಹೊರುವುದು ಬೇಡ ಎನ್ನುವವನು ನಾನಲ್ಲ. ಆದರೆ ರಜೆಯ ತಾರೀಕನ್ನು ಒಂದು ವಾರ ಹಿಂದೆ ಸರಿಸಿ ಎಂದು ಹೇಳುವವರು ಒಬ್ಬರಾದರೂ ಬೇಕಿತ್ತು, ಅಲ್ವಾ?

ಆ ಹೆಸರಿನ ಬಗ್ಗೆ ಒಂದು ಮಾತು. ಬಂಜೆ. ಅದಕ್ಕೆ ಗಂಡು ಪದ ಯಾವುದು? ಯೋಚಿಸಿ ನೋಡಿ. ಆಡುಮಾತಿನಲ್ಲಿ ಇಲ್ಲ. ಷಂಡ, ನಪುಂಸಕ ಎಂಬ ಪದಗಳಿವೆ, ಆದರೆ ಅವು ಬೇರೆಯದೇ ವಿಷಯ ಹೇಳುತ್ತವೆ. ಲೈಂಗಿಕ ಶಕ್ತಿ ಒಂದು, ವೀರ್ಯಾಣುಗಳ ಸಂಖ್ಯೆ ಇನ್ನೊಂದು. ಹಾಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದೇ ಇರಬಹುದು. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಸೂಕ್ಷ್ಮದರ್ಶಕಕ್ಕೆ ಮಾತ್ರ ಗೊತ್ತಾಗುತ್ತದೆ. ಈ ಎರಡನ್ನೂ ನಮ್ಮ ಭಾಷೆ ಒಂದೇ ಗಂಟಿನಲ್ಲಿ ಕಟ್ಟಿ ಇಟ್ಟಿದೆ. ಅದಕ್ಕೇ "ಕೌಂಟ್ ಟೆಸ್ಟ್ ಮಾಡಿಸು", ಅಂದರೆ ವೀರ್ಯಾಣು ಎಣಿಸುವ ಪರೀಕ್ಷೆ ಮಾಡಿಸು, ಎಂದರೆ ಗಂಡಸಿಗೆ "ನೀನು ಗಂಡಸೇ ಹೌದಾ?" ಎಂದು ಕೇಳಿದಂತೆ ಕೇಳಿಸುತ್ತದೆ. ಗೋಡೆಯ ಮೇಲಿನ ವೈದ್ಯರ ವ್ಯಾಪಾರ ನಡೆಯುವುದೂ ಈ ಗೊಂದಲದಲ್ಲೇ. ಧಾತು ಹೋಗುತ್ತದೆ, ನೂರು ಹನಿ ರಕ್ತಕ್ಕೆ ಒಂದು ಹನಿ ವೀರ್ಯ, ಹೀಗೆ. ಎಲ್ಲ ಸುಳ್ಳು. ನಿದ್ದೆಯಲ್ಲಿ ಸ್ಖಲನವಾಗುವುದರಿಂದ ಏನೂ ಖಾಲಿಯಾಗುವುದಿಲ್ಲ. ವೀರ್ಯಾಣು ದಿನವೂ ಹೊಸದಾಗಿ ತಯಾರಾಗುವ ಸರಕು.

ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಕಾರಣ ಹೆಣ್ಣಿನ ಕಡೆ, ಮೂರನೇ ಒಂದು ಭಾಗಕ್ಕೆ ಗಂಡಿನ ಕಡೆ, ಉಳಿದದ್ದು ಇಬ್ಬರದೂ ಅಥವಾ ಕಾರಣವೇ ಸಿಗದ್ದು. ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಈ ತೊಂದರೆ ಕಾಣುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಆದರೂ ನಮ್ಮಲ್ಲಿ ಹೆಂಡತಿಗೆ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಬಣ್ಣ ಹಾಕಿ ಟ್ಯೂಬಿನ ಎಕ್ಸ್‌ರೇ, ಕೆಲವೊಮ್ಮೆ ಹೊಟ್ಟೆಗೆ ತೂತು ಮಾಡಿ ದುರ್ಬೀನು, ಎಲ್ಲ ಆದ ಮೇಲೆ ಗಂಡನ ಸರದಿ ಬರುತ್ತದೆ. ಅವನ ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಮೊದಲು ಆಗಬೇಕಾದ ಪರೀಕ್ಷೆ ಕೊನೆಗೆ ಆಗುತ್ತದೆ. ನನಗೆ ಇದು ಅತಿ ಸಿಟ್ಟು ತರಿಸುವ ವಿಷಯ.

ಹೋಟೆಲಿನವರು ತಿಳಿದಿರಬೇಕಾದದ್ದು ಇನ್ನೊಂದಿದೆ. ವೃಷಣಗಳು ದೇಹದಿಂದ ಹೊರಗೆ ಜೋತುಬಿದ್ದಿರುವುದು ಸುಮ್ನೆ ಅಲ್ಲ. ವೀರ್ಯಾಣು ತಯಾರಾಗಲು ದೇಹಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಶಾಖ ಬೇಕು. ಭಟ್ಟಿಯ ಮುಂದೆ, ಕಾವಲಿಯ ಮುಂದೆ ದಿನಕ್ಕೆ ಹತ್ತು ಗಂಟೆ ನಿಂತರೆ ಕೌಂಟ್ ಮೇಲೆ ಪೆಟ್ಟು ಬೀಳಬಹುದು. ಎಲ್ಲರಿಗೂ ಬಿದ್ದೇ ಬೀಳುತ್ತದೆ ಎಂದಲ್ಲ. ದೋಸೆ ಹೊಯ್ಯುವವರಿಗೆ ಮಕ್ಕಳಾಗದಿದ್ದರೆ ಉಡುಪಿ ಜಿಲ್ಲೆಯೇ ಖಾಲಿಯಾಗಬೇಕಿತ್ತು! ಆದರೆ ಕೌಂಟ್ ಕಮ್ಮಿ ಎಂದು ರಿಪೋರ್ಟ್ ಬಂದವರು ಕೆಲವು ತಿಂಗಳು ಗಲ್ಲಾ ಕಡೆಯೋ ಸಪ್ಲೈ ಕಡೆಯೋ ಬದಲಾಯಿಸಿಕೊಂಡು ನೋಡಬಹುದು. ಕೆಲವು ತಿಂಗಳು ಏಕೆಂದರೆ ಒಂದು ವೀರ್ಯಾಣು ತಯಾರಾಗಲು ಸುಮಾರು 70ಕ್ಕೂ ಹೆಚ್ಚು ದಿನ ಬೇಕು. ಇವತ್ತಿನ ರಿಪೋರ್ಟ್ ಹೇಳುವುದು ಎರಡೂವರೆ ತಿಂಗಳ ಹಿಂದಿನ ಕಥೆ. ಆಗ ಜೋರು ಜ್ವರ ಬಂದಿದ್ದರೂ ಈಗ ಕೌಂಟ್ ಇಳಿದಿರಬಹುದು. ಅದಕ್ಕೇ ಒಂದು ರಿಪೋರ್ಟ್ ಕೆಟ್ಟದಾಗಿ ಬಂದರೆ ಸಮಯ ಬಿಟ್ಟು ಇನ್ನೊಮ್ಮೆ ಮಾಡಿಸುತ್ತಾರೆ. ಬೀಡಿ, ಸಿಗರೇಟು, ಕುಡಿತ ಇವುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ್ದು ಜಿಮ್ಮಿನ ಇಂಜೆಕ್ಷನ್. ತೋಳು ಬೆಳೆಸಲು ಕೊಡುವ ಟೆಸ್ಟೋಸ್ಟೆರಾನ್, ಸ್ಟೆರಾಯ್ಡ್ ಒಳಗೆ ಹೋದರೆ ಮೆದುಳು "ಇಲ್ಲಿ ಸಾಕಷ್ಟಿದೆ" ಎಂದು ತಿಳಿದು ವೃಷಣಗಳಿಗೆ ಕೊಡುವ ಆಜ್ಞೆ ನಿಲ್ಲಿಸುತ್ತದೆ. ತೋಳು ಬೆಳೆಯುತ್ತದೆ, ಕೌಂಟ್ ಸೊನ್ನೆಗೂ ಇಳಿಯಬಹುದು. ನಿಲ್ಲಿಸಿದರೆ ಹೆಚ್ಚಿನವರಿಗೆ ಮರಳಿ ಬರುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಹೆಣ್ಣಿನ ಕಡೆಯ ಕಾರಣಗಳಲ್ಲಿ ಪಿಸಿಓಡಿ, ಥೈರಾಯ್ಡ್ ಹೆಸರು ಎಲ್ಲರಿಗೂ ಗೊತ್ತು. ಪಿಸಿಓಡಿ ಎಂದರೆ ಮಕ್ಕಳಾಗುವುದಿಲ್ಲ ಎಂದಲ್ಲ. ಅಂಡಾಣು ಸಮಯಕ್ಕೆ ಸರಿಯಾಗಿ ಹೊರಬರುತ್ತಿಲ್ಲ ಎಂದು, ಅಷ್ಟೇ. ತೂಕ ಜಾಸ್ತಿ ಇದ್ದವರು ಸ್ವಲ್ಪ ಇಳಿಸಿದರೂ, ಇಲ್ಲವೇ ಮಾತ್ರೆ ತಗೊಂಡರೂ ಬಹಳ ಜನಕ್ಕೆ ದಾರಿ ತೆರೆಯುತ್ತದೆ. ಇಷ್ಟು ಸಾಕು. ನಾನು ಹೆಚ್ಚು ಹೇಳಬೇಕೆಂದಿರುವುದು ಟಿಬಿ ಬಗ್ಗೆ.

ಟಿಬಿ ಎಂದರೆ ಕೆಮ್ಮು, ಎಕ್ಸ್‌ರೇ, ಕಫ ಎಂದುಕೊಂಡಿದ್ದೇವೆ. ಅದು ರಕ್ತದ ಮೂಲಕ ಗರ್ಭನಾಳಕ್ಕೂ ಹೋಗುತ್ತದೆ. ಗರ್ಭನಾಳ ಎಂದರೆ ಜನ "ಟ್ಯೂಬ್" ಎನ್ನುತ್ತಾರಲ್ಲ, ಅದೇ. ಅಂಡಾಣು, ವೀರ್ಯಾಣು ಭೇಟಿಯಾಗುವ ಜಾಗ. ಅಲ್ಲಿ ಕೂತ ಟಿಬಿ ವರ್ಷಗಟ್ಟಲೆ ಸದ್ದು ಮಾಡದೇ ಇರಬಹುದು. ಕೆಮ್ಮಿಲ್ಲ, ಜ್ವರ ಇಲ್ಲ, ಮುಟ್ಟು ಸರಿಯಾಗಿ ಬರಬಹುದು, ಇಲ್ಲವೇ ಕಡಿಮೆಯಾಗುತ್ತಾ ಬರಬಹುದು. ಮಗು ಆಗಲಿಲ್ಲ ಎಂದು ಪರೀಕ್ಷೆ ಮಾಡಿದಾಗಲೇ ಎಷ್ಟೋ ಜನಕ್ಕೆ ಇದು ಗೊತ್ತಾಗುವುದು. ಭಾರತದಲ್ಲಿ ಟ್ಯೂಬ್ ಬ್ಲಾಕ್ ಆಗಲು ಇದು ಒಂದು ಮುಖ್ಯ ಕಾರಣ. ಚಾಳಿನ ಒಂದೇ ಖೋಲಿಯಲ್ಲಿ ಆರೇಳು ಜನ ಮಲಗುವ ಮುಂಬೈಯಲ್ಲಿ ಟಿಬಿ ಸುಲಭವಾಗಿ ಹರಡುತ್ತದೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಟಿಬಿ ಆಗಿತ್ತಾ ಎಂದು ಡಾಕ್ಟರು ಕೇಳಿದರೆ ಮುಚ್ಚಿಡಬೇಡಿ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಬೇಗ ಸಿಕ್ಕರೆ ಒಳ್ಳೆಯದು, ಏಕೆಂದರೆ ರೋಗ ವಾಸಿಯಾದರೂ ಹಾಳಾದ ಟ್ಯೂಬ್ ಸರಿಹೋಗದೇ ಇರಬಹುದು. ಗನೋರಿಯಾ, ಕ್ಲಮೀಡಿಯಾದಂಥ ಲೈಂಗಿಕ ಸೋಂಕುಗಳೂ ಹೀಗೇ ಟ್ಯೂಬ್ ಮುಚ್ಚುತ್ತವೆ. ಮನೆ ಬಿಟ್ಟು ದೂರ ಇರುವ ಗಂಡಸರಿಗೆ ಕಾಂಡೋಮ್ ಬಗ್ಗೆ ಹೇಳುವಾಗ ಏಡ್ಸ್ ಮಾತ್ರ ಹೇಳುತ್ತೇವೆ, ಇದನ್ನೂ ಹೇಳಬೇಕು.

ವಯಸ್ಸಿನ ಮಾತು ಹೋಟೆಲಿನವರಿಗಿಂತ ಅಂಧೇರಿ, ಪೊವಾಯಿಯ ಐಟಿ ಮಕ್ಕಳಿಗೆ ಹೆಚ್ಚು ತಾಗುತ್ತದೆ. ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣು ಇರುತ್ತವೆ. ಮೈನೆರೆಯುವಾಗ 3ರಿಂದ 4 ಲಕ್ಷಕ್ಕೆ ಇಳಿದಿರುತ್ತವೆ. ಬದುಕಿಡೀ ಹೊರಬರುವುದು 400ರಿಂದ 500 ಮಾತ್ರ. ಹೊಸದು ತಯಾರಾಗುವುದಿಲ್ಲ, ಇದ್ದದ್ದಕ್ಕೆ ವಯಸ್ಸಾಗುತ್ತದೆ. 35ರ ನಂತರ ಇಳಿತ ಜೋರು, ನಲವತ್ತಕ್ಕೆ ತಿಂಗಳ ಸಾಧ್ಯತೆ ನೂರಕ್ಕೆ ಐದರ ಹತ್ತಿರ. ಎಎಂಎಚ್ ಎಂಬ ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಅಳುವ ಹುಡುಗಿಯರಿದ್ದಾರೆ. ಅದು ಡಬ್ಬಿಯಲ್ಲಿ ಅಂದಾಜು ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಸಹಜವಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ. ಹಾಗೇ ಇನ್ನೊಂದು ಹೆದರಿಕೆ: ಮೊದಲ ಮಗುವಿಗೆ ಮುಂಚೆ ಗರ್ಭನಿರೋಧಕ ಮಾತ್ರೆ ನುಂಗಿದರೆ ಮುಂದೆ ಮಕ್ಕಳೇ ಆಗುವುದಿಲ್ಲವಂತೆ. ಮಾತ್ರೆ, ಕಾಪರ್ ಟಿ ಯಾವುದೂ ಬಂಜೆತನ ತರುವುದಿಲ್ಲ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಗರ್ಭನಿರೋಧಕ ಇಂಜೆಕ್ಷನ್ ಬಿಟ್ಟ ಮೇಲೆ ಮಾತ್ರ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು.

ಐವಿಎಫ್, ಅಂದರೆ ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಲ್ಯಾಬಿನಲ್ಲಿ ಸೇರಿಸಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ. ಅದರ ವಿಷಯಕ್ಕೆ ಬಂದರೆ ಮುಂಬೈಗೆ ಒಂದು ಹೆಮ್ಮೆ ಇದೆ. 1986ರ ಆಗಸ್ಟ್ 6ರಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಕೈಯಲ್ಲಿ ಐವಿಎಫ್ ಮಗು ಹುಟ್ಟಿತು. ವೈಜ್ಞಾನಿಕ ದಾಖಲೆ ಇದ್ದ ದೇಶದ ಮೊದಲ ಪ್ರಸವ ಎಂದು ಅದನ್ನೇ ಎಣಿಸುತ್ತಾ ಬಂದರು. ಅದಕ್ಕೂ ಎಂಟು ವರ್ಷ ಮೊದಲು, 1978ರಲ್ಲಿ, ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಇದನ್ನು ಸಾಧಿಸಿದ್ದರು. ಅವರನ್ನು ಯಾರೂ ನಂಬಲಿಲ್ಲ, 1981ರಲ್ಲಿ ಅವರು ಜೀವ ಕಳೆದುಕೊಂಡರು. ಮಾನ್ಯತೆ ಸಿಕ್ಕಿದ್ದು ಸತ್ತ ಎಷ್ಟೋ ವರ್ಷದ ಮೇಲೆ. ಈಗ ಗಲ್ಲಿಗೊಂದು ಕ್ಲಿನಿಕ್. 2021ರ ಕಾನೂನಿನಂತೆ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಿರಬೇಕು. ಈ ಚಿಕಿತ್ಸೆಗೆ ಹೆಂಗಸರ ವಯಸ್ಸಿನ ಮಿತಿ 21ರಿಂದ 50, ಗಂಡಸರದು 21ರಿಂದ 55. "ನಮ್ಮಲ್ಲಿ ಇಷ್ಟು ಪರ್ಸೆಂಟ್ ಸಕ್ಸೆಸ್" ಎಂದರೆ ಎರಡು ಪ್ರಶ್ನೆ ಕೇಳಿ. ನನ್ನ ವಯಸ್ಸಿನವರಲ್ಲಿ ಎಷ್ಟು? ಸಕ್ಸೆಸ್ ಎಂದರೆ ಟೆಸ್ಟ್ ಪಾಸಿಟಿವ್ ಬಂದದ್ದೋ, ಮಗು ಕೈಗೆ ಬಂದದ್ದೋ? ಎರಡರ ನಡುವೆ ಬಹಳ ಅಂತರ ಇದೆ.

ಇದನ್ನೆಲ್ಲ ಜನಕ್ಕೆ ಹೇಳಬೇಕು ಎಂದು ಮೊದಲು ಹೊರಟವರು ಈ ಊರಿನಲ್ಲೇ ಇದ್ದರು. ರಘುನಾಥ ಧೋಂಡೊ ಕರ್ವೆ 1921ರಲ್ಲಿ ಮುಂಬೈಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು. ಅವರು ಗಣಿತದ ಪ್ರಾಧ್ಯಾಪಕರು, ನನ್ನ ಹಾಗೆ ಲೆಕ್ಕದ ಮನುಷ್ಯ! ಈ ಪ್ರಚಾರಕ್ಕಾಗಿ ಕಾಲೇಜಿನ ಕೆಲಸ ಹೋಯಿತು. 1927ರಿಂದ 'ಸಮಾಜಸ್ವಾಸ್ಥ್ಯ' ಎಂಬ ಮರಾಠಿ ಪತ್ರಿಕೆ ನಡೆಸಿದರು. ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಬರೆದದ್ದಕ್ಕೆ ಅಶ್ಲೀಲ ಎಂದು ಕೇಸು ಬಿತ್ತು. 1934ರಲ್ಲಿ ಅವರ ಪರ ವಾದಿಸಿದ ವಕೀಲರು ಬಾಬಾಸಾಹೇಬ್ ಅಂಬೇಡ್ಕರ್. ಕೇಸು ಸೋತಿತು. ನಾವು ಕನ್ನಡಿಗರೂ ಹಿಂದೆ ಬಿದ್ದಿರಲಿಲ್ಲ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಜಗತ್ತಿನಲ್ಲಿ ಯಾವ ಸರ್ಕಾರವೂ ಅದಕ್ಕೂ ಮೊದಲು ಮಾಡಿರದ ಕೆಲಸ ಅದು ಎನ್ನುತ್ತಾರೆ. ಎಪ್ಪತ್ತೇಳು ವರ್ಷ ಬಿಟ್ಟು, 2007ರಲ್ಲಿ, ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಬಂದಾಗ ಅದನ್ನು ತಡೆದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು.

ಪಠ್ಯಪುಸ್ತಕಕ್ಕೆ ಎರಡು ಪುಟ ಸೇರಿಸಿದರೆ ಇದು ಸರಿಹೋಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಪುಟ ಮೊದಲೂ ಇತ್ತು, ಹಾರಿಸಿದವನು ನಾನು. ಹದಿನೈದರಲ್ಲಿ ಹೇಳಿದ್ದು ಇಪ್ಪತ್ತೆಂಟಕ್ಕೆ ನೆನಪಿರುವುದೂ ಇಲ್ಲ. ಮುಟ್ಟಿನ ಪಾಠ ಮುಟ್ಟು ಬರುವ ಮೊದಲು ಬೇಕು, ಆರು ದಿನದ ಪಾಠ ಮದುವೆ ನಿಶ್ಚಯವಾದಾಗ ಬೇಕು. ಅತ್ತೆಯಂದಿರಿಗೆ ಪ್ರತ್ಯೇಕ ಪಾಠವೇ ಬೇಕು. ಜೊತೆಗೆ ಅದು ಗೊತ್ತಿರುವ ಭಾಷೆಯಲ್ಲಿ ಇರಬೇಕು. ಇಲ್ಲಿನ ಆಸ್ಪತ್ರೆಗಳ ಬೋರ್ಡು ಮರಾಠಿ, ಹಿಂದಿ. ಹೋಟೆಲಿನಲ್ಲಿ ಹಿಂದಿಯಲ್ಲಿ ಆರ್ಡರ್ ತಗೊಳ್ಳುವ ಹುಡುಗನಿಗೂ ತನ್ನ ಮೈಯ ವಿಷಯ ಕೇಳಲು ತುಳುವೋ ಕನ್ನಡವೋ ಬೇಕಾಗುತ್ತದೆ. ಹಿಂದಿನವರು ರಾತ್ರಿ ಶಾಲೆ ಮಾಡಿದ್ದು ಇದೇ ಬುದ್ಧಿಯಿಂದ: ಹುಡುಗರಿಗೆ ಬಿಡುವು ಯಾವಾಗಲೋ ಆಗ, ಅವರ ಭಾಷೆಯಲ್ಲಿ.

ಕೆಲವು ತಿಂಗಳ ಹಿಂದೆ ಒಂದು ಪ್ರಯತ್ನ ಮಾಡಿದೆವು. ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲು, ಒಂದು ಹೋಟೆಲಿನ ಮಾಳಿಗೆಯಲ್ಲಿ. ಪರಿಚಯದ ಕನ್ನಡ ಡಾಕ್ಟರೊಬ್ಬರು ಬಂದಿದ್ದರು. ಕೈ ಎತ್ತಿ ಕೇಳಿ ಎಂದರೆ ಯಾರೂ ಎತ್ತಲಿಲ್ಲ. ಖಾಲಿ ಬಿಸ್ಕತ್ತಿನ ಡಬ್ಬಿ ಇಟ್ಟು, ಹೆಸರಿಲ್ಲದೆ ಚೀಟಿ ಹಾಕಿ ಎಂದೆವು. ಡಬ್ಬಿ ತುಂಬಿತು. ಧಾತು, ಸೈಜು, ಕೈಚಟ, ಹೆಚ್ಚಿನವು ಗೋಡೆಯಿಂದ ಕಲಿತ ಪ್ರಶ್ನೆಗಳೇ. ಕೊನೆಯಲ್ಲಿ ಬಿಲ್ ಪುಸ್ತಕದ ಹಾಳೆಯ ಹಿಂದೆ ಬರೆದ ಒಂದು ಚೀಟಿ ಸಿಕ್ಕಿತು: "ಕೌಂಟ್ ಟೆಸ್ಟ್‌ಗೆ ಹೆಂಡತಿ ಬರಬೇಕಾ? ಅವಳು ಊರಲ್ಲಿದ್ದಾಳೆ."

ಡಾಕ್ಟರು ಯಾರ ಮುಖವನ್ನೂ ನೋಡದೆ ಉತ್ತರ ಹೇಳಿದರು. ಹೆಂಡತಿ ಬರಬೇಕಾಗಿಲ್ಲ, ನೀವೊಬ್ಬರೇ ಸಾಕು. ಟೆಸ್ಟ್‌ಗೆ ಮೊದಲು ಎರಡು ದಿನಕ್ಕಿಂತ ಕಡಿಮೆ ಇಲ್ಲದೆ, ಏಳು ದಿನಕ್ಕಿಂತ ಜಾಸ್ತಿ ಆಗದೆ ವೀರ್ಯ ಹೋಗದಂತೆ ನೋಡಿಕೊಳ್ಳಿ. ಸ್ಯಾಂಪಲ್ ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು, ಅದಕ್ಕೆ ಬೇರೆ ಕೋಣೆ ಇರುತ್ತದೆ. ಎಣ್ಣೆ, ಸೋಪು, ಕಾಂಡೋಮ್ ಬಳಸಬೇಡಿ. ಅಲ್ಲಿ ಆಗುವುದೇ ಇಲ್ಲ ಎಂದಾದರೆ ಅವರು ಕೊಟ್ಟ ಡಬ್ಬಿಯಲ್ಲಿ ರೂಮಿನಿಂದ ತರಬಹುದು, ಆದರೆ ಒಂದು ಗಂಟೆಯೊಳಗೆ ತಲುಪಬೇಕು. ತಣ್ಣಗಾಗಬಾರದು, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಬನ್ನಿ.

ಹಿಂದಿನ ಬೆಂಚಿನಿಂದ ಒಂದು ದನಿ ಬಂತು. "ಭಾನುವಾರ ಲ್ಯಾಬ್ ತೆರೆದಿರುತ್ತದಾ, ಡಾಕ್ಟ್ರೇ?"